ಗುಡ್ಡದಾಚೆಯ ಮನೆ ಮತ್ತು ಸ್ನೇಹದ ಕಾದಂಬರಿಗಳು

[ದೃಶ್ಯ: ಮಳೆಯಲ್ಲಿ ನೆನೆಯುತ್ತಿರುವ ಅಡಿಕೆ ತೋಟ, ದೂರದಲ್ಲಿ ಒಂಟಿ ಹೆಂಚಿನ ಮನೆ]

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟಕ್ಕೊಂದು ಮನೆಯಿದ್ದರೆ ಇನ್ನೊಂದು ಮನೆ ಗುಡ್ಡದಾಚೆ ಇರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ, ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ, ಹೊರಗಿನವರ ಮುಖ ಕಾಣದೆ ದಿನಗಟ್ಟಲೆ ಕಳೆಯುವ ಹೆಂಗಸರು ನಮ್ಮ ನಡುವೆ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂಟಿ ಹೆಣ್ಣಿಗೆ ಸ್ನೇಹ ಸಿಗುವ ಕಾದಂಬರಿಗಳಲ್ಲಿ ಆ ಸ್ನೇಹ ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಇಂದು ನೋಡೋಣ.

ಎಲಿಜಬೆತ್ ವಾನ್ ಆರ್ನಿಮ್ ಅವರ ‘ದಿ ಎನ್‌ಚಾಂಟೆಡ್ ಏಪ್ರಿಲ್’ 1922ರಲ್ಲಿ ಬಂದ ಕಾದಂಬರಿ. ಲಂಡನ್ನಿನ ಮಹಿಳಾ ಕ್ಲಬ್ಬೊಂದರಲ್ಲಿ, ಮಳೆ ಸುರಿಯುವ ಫೆಬ್ರವರಿಯ ಮಧ್ಯಾಹ್ನ, ಇಟಲಿಯ ಕಡಲತಡಿಯ ಕೋಟೆಮನೆಯೊಂದು ಏಪ್ರಿಲ್ ತಿಂಗಳಿಗೆ ಬಾಡಿಗೆಗಿದೆ ಎಂಬ ಜಾಹೀರಾತನ್ನು ಓದಿದ ವಿಲ್ಕಿನ್ಸ್ ಎಂಬಾಕೆ, ಮುಖ ಕಂಡು ಗೊತ್ತಿದ್ದರೂ ಎಂದೂ ಮಾತಾಡಿಸಿರದ ಇನ್ನೊಬ್ಬ ಹೆಣ್ಣುಮಗಳನ್ನು ಧೈರ್ಯಮಾಡಿ ಮಾತಾಡಿಸುತ್ತಾಳೆ. ಬಾಡಿಗೆ 60 ಪೌಂಡ್. ಇಬ್ಬರಿಗೆ ಅದು ಹೊರೆಯಾಗುವುದರಿಂದ ಅಪರಿಚಿತರಾದ ಇನ್ನಿಬ್ಬರನ್ನು ಸೇರಿಸಿಕೊಳ್ಳುತ್ತಾರೆ. ತಲೆಗೆ 15 ಪೌಂಡ್ ಬೀಳುತ್ತದೆ. ನನಗೆ ಬಹಳ ಹಿಡಿಸಿದ್ದು ಈ ಲೆಕ್ಕಾಚಾರವೇ. ಸ್ನೇಹ ಬೇಕೆಂದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಖರ್ಚು ಹಂಚಿಕೊಳ್ಳಲು ಜನ ಬೇಕಾಗಿರುತ್ತದೆ, ಅಷ್ಟೆ.

ಗೇಲ್ ಹನಿಮನ್ ಅವರು 2017ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕಿ ಎಲಿನರ್ ಆಲಿಫಂಟ್, ಗ್ಲಾಸ್ಗೋ ನಗರದ ಕಚೇರಿಯೊಂದರ ನೌಕರಳು. ಶುಕ್ರವಾರ ಕೆಲಸ ಬಿಟ್ಟರೆ ಸೋಮವಾರದವರೆಗೆ ಆಕೆಗೆ ಮಾತಿಗೆ ಜನವಿಲ್ಲ. ರಸ್ತೆಯಲ್ಲಿ ಕುಸಿದುಬಿದ್ದ ಮುದುಕರೊಬ್ಬರಿಗೆ ಸಹೋದ್ಯೋಗಿಯ ಜೊತೆ ಆಸರೆಯಾದ ದಿನದಿಂದ ಅವಳ ದಿನಚರಿಯೊಳಗೆ ಮನುಷ್ಯರು ಬರತೊಡಗುತ್ತಾರೆ.

[ದೃಶ್ಯ: ಅಂಗಳದಲ್ಲಿ ಸುರಿದ ಹಸಿ ಅಡಿಕೆಯ ರಾಶಿ, ಸಾಲಾಗಿ ಕುಳಿತ ಹೆಂಗಸರು]

ಇದನ್ನು ಓದುವಾಗ ನನಗೆ ಅಡಿಕೆ ಸುಲಿಯುವ ರಾತ್ರಿಗಳು ನೆನಪಾದವು. ಕೊಯ್ಲಿನ ಕಾಲದಲ್ಲಿ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬಂದು, ಕತ್ತಿಯ ಮಣೆಯ ಮೇಲೆ ಕುಳಿತು, ಸಿಪ್ಪೆಯ ಚೊಗರಿಗೆ ಬೆರಳು ಕಪ್ಪಾಗುವವರೆಗೆ ಸುಲಿಯುತ್ತಿದ್ದರು. ಗಂಡನನ್ನು ಕಳೆದುಕೊಂಡು ಯಾರ ಮನೆಗೂ ಹೋಗದೆ ಉಳಿದಿದ್ದ ಅತ್ತೆಯೊಬ್ಬರು, ಕೈ ಸಾಲದು ಬನ್ನಿ ಎಂದು ಅಜ್ಜಿ ಹೇಳಿಕಳಿಸಿದ ಮೇಲೆ ಬಂದರು. ಮೊದಲ ರಾತ್ರಿ ತುಟಿ ಬಿಚ್ಚಲಿಲ್ಲ, ಮೂರನೆಯ ರಾತ್ರಿ ಹಾಡು ಹೇಳಿಕೊಟ್ಟರು. ಈಗ ಅನೇಕ ಕಡೆ ಸುಲಿಯುವ ಯಂತ್ರಗಳು ಬಂದಿವೆ. ಕೂಲಿಯಾಳು ಸಿಗದ ಈ ಕಾಲದಲ್ಲಿ ಅವು ಬೇಕೇ ಬೇಕು. ಆದರೂ ಆ ಅತ್ತೆಯಂಥವರನ್ನು ಇನ್ನು ಯಾವ ಕೆಲಸದ ನೆಪದಲ್ಲಿ ಕರೆಯುವುದು ಎಂಬ ಚಿಂತೆ ನನ್ನನ್ನು ಬಿಡುವುದಿಲ್ಲ.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಈ ಸಾಲಿಗೆ ಸೇರುತ್ತದೆಯೇ ಎಂದು ಕೆಲವರು ಕೇಳಬಹುದು. ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ಈ ಕಥೆ ಮನಸ್ಸನ್ನು ಹಗುರಗೊಳಿಸುವುದಕ್ಕೆ ಮೊದಲು ಬಹಳ ನೋಯಿಸುತ್ತದೆ. ಆದರೂ ನಾನು ಸೇರಿಸುತ್ತೇನೆ. ಮಡಿಯ ಕಟ್ಟಳೆ ಆಕೆಯನ್ನು ಒಳಗೆ ಕೂರಿಸಿತ್ತು. ಹೆರಿಗೆಯ ಕಷ್ಟದಲ್ಲಿದ್ದ ಹೆಣ್ಣಿನ ಕರೆ, ಜಾತಿಯ ಗೆರೆಯನ್ನೂ ದಾಟಿಸಿ, ಆಕೆಯನ್ನು ಹೊರಗೆ ಕರೆತಂದಿತು.

ಮೂರರಲ್ಲಿ ಮೊದಲು ‘ಫಣಿಯಮ್ಮ’ವನ್ನೇ ಓದಿ. ಓದಿದ ಮೇಲೆ ಆ ಪ್ರತಿಯನ್ನು ಗುಡ್ಡದಾಚೆಯ ಮನೆಗೆ ನೀವೇ ಒಯ್ದು ಕೊಟ್ಟುಬನ್ನಿ. ಅದನ್ನು ವಾಪಸು ತರಲು ಇನ್ನೊಮ್ಮೆ ಹೋಗಬೇಕಾಗುತ್ತದೆ.