ಮುಂದೆ ಸಾವಿರ, ಹಿಂದೆ ಮುನ್ನೂರು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದಲ್ಲಾಗಲಿ, ಸಾಗರ, ತೀರ್ಥಹಳ್ಳಿಯಲ್ಲಾಗಲಿ, ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಮೀನೆಣ್ಣೆ ಡಬ್ಬಿ ಈಗ ಸಾಮಾನ್ಯ. ಒಳಗೆ ಜೇನುಬಣ್ಣದ ಮೆತ್ತನೆಯ ಕ್ಯಾಪ್ಸೂಲು. ಮುಂದುಗಡೆ ದಪ್ಪಕ್ಷರದಲ್ಲಿ ‘ಫಿಶ್ ಆಯಿಲ್ 1000 ಮಿಲಿಗ್ರಾಂ’ ಎಂದಿರುತ್ತದೆ. ಕೊಳ್ಳುವವರಲ್ಲಿ ಬಹಳ ಮಂದಿ ಆ ಸಾವಿರ ನೋಡಿಯೇ ದುಡ್ಡು ಎಣಿಸುತ್ತಾರೆ. ಡಬ್ಬಿಯನ್ನು ಒಮ್ಮೆ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ, ಲೆಕ್ಕ ಬೇರೆಯೇ ಇರುತ್ತದೆ.

ಮೀನೆಣ್ಣೆಯಲ್ಲಿ ನಮಗೆ ಬೇಕಾದದ್ದು ಒಮೆಗಾ-3 ಗುಂಪಿನ ಎರಡು ಕೊಬ್ಬಿನಾಮ್ಲ: ಇಪಿಎ ಮತ್ತು ಡಿಎಚ್‌ಎ. ಸಾಧಾರಣ ದರ್ಜೆಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಇರುತ್ತದೆ. ಕೂಡಿದರೆ ಮುನ್ನೂರು. ಉಳಿದ ಏಳುನೂರು ಮೀನಿನದೇ ಬೇರೆ ಕೊಬ್ಬು. ಅದರಿಂದ ಕೇಡೇನಿಲ್ಲ, ಆದರೆ ನೀವು ಅಂಗಡಿಗೆ ಹೋದದ್ದು ಅದಕ್ಕಲ್ಲ. ‘ಒಟ್ಟು ಒಮೆಗಾ-3’ ಎಂದು ಮಾತ್ರ ಬರೆದು, ಇಪಿಎ ಎಷ್ಟು, ಡಿಎಚ್‌ಎ ಎಷ್ಟು ಎಂದು ಬಿಡಿಸಿ ಹೇಳದ ಡಬ್ಬಿಯನ್ನು ಅಲ್ಲೇ ಇಟ್ಟುಬಿಡಿ.

ಇನ್ನೊಂದು ಸಣ್ಣ ಚಮತ್ಕಾರ ‘ಪ್ರತಿ ಸರ್ವಿಂಗ್’ ಎಂಬ ಮಾತಿನಲ್ಲಿದೆ. ಒಂದು ಸರ್ವಿಂಗ್ ಅಂದರೆ ಒಂದು ಕ್ಯಾಪ್ಸೂಲೋ ಎರಡೋ, ಅದನ್ನು ನೋಡಬೇಕು. ಒಂದು ಲೆಕ್ಕ ಹಾಕೋಣ. ಬೆಲೆ ಉದಾಹರಣೆಗೆ ಮಾತ್ರ. ಮೂರೂ ಡಬ್ಬಿಯಲ್ಲಿ ಅರುವತ್ತು ಕ್ಯಾಪ್ಸೂಲು. ಮೊದಲನೆಯದಕ್ಕೆ 480 ರೂಪಾಯಿ, ಕ್ಯಾಪ್ಸೂಲಿಗೆ ಇಪಿಎ, ಡಿಎಚ್‌ಎ ಸೇರಿ 300 ಮಿಲಿಗ್ರಾಂ. ಎರಡನೆಯದಕ್ಕೆ 1080 ರೂಪಾಯಿ, ಕ್ಯಾಪ್ಸೂಲಿಗೆ 600. ಮೂರನೆಯದಕ್ಕೆ 720 ರೂಪಾಯಿ, ಅದರ ಮೇಲೂ 600 ಎಂದೇ ಇದೆ, ಆದರೆ ಎರಡು ಕ್ಯಾಪ್ಸೂಲಿಗೆ. ನಿಜವಾದ ಒಂದು ಗ್ರಾಂ ಇಪಿಎ, ಡಿಎಚ್‌ಎಗೆ ಮೊದಲನೆಯದರಲ್ಲಿ ಸುಮಾರು 27 ರೂಪಾಯಿ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 40 ಬೀಳುತ್ತದೆ. ಅಗ್ಗವೆಂದು ಕಂಡ ಮೂರನೆಯದೇ ಎಲ್ಲಕ್ಕಿಂತ ದುಬಾರಿ. ಹೆಚ್ಚು ಬೆಲೆಯ ಎರಡನೆಯದು ಮೊದಲನೆಯದಕ್ಕೆ ಹೆಚ್ಚುಕಡಿಮೆ ಸಮ, ನುಂಗುವುದೂ ಅರ್ಧಕ್ಕರ್ಧ ಕಡಿಮೆ.

ಡಬ್ಬಿ ಕೊಳ್ಳುವ ಮೊದಲು, ಇದು ನಿಮಗೆ ಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ ಇಪಿಎ, ಡಿಎಚ್‌ಎ ಸಾಕು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಅಳತೆ. ಘಟ್ಟ ಹತ್ತಿ ಬರುವ ಬೂತಾಯಿ ಮೀನಿನಲ್ಲಿ 100 ಗ್ರಾಂಗೆ ಇವೆರಡೂ ಸೇರಿ ಸುಮಾರು ಒಂದು ಗ್ರಾಂ ಸಿಗುತ್ತದೆ. ಮಳೆಗಾಲ ಕಳೆದ ಮೇಲೆ ಬರುವ ಕೊಬ್ಬಿದ ಬೂತಾಯಿಯಲ್ಲಿ ಇನ್ನೂ ಹೆಚ್ಚು. ವಾರಕ್ಕೆರಡು ದಿನ ಬೂತಾಯಿಯನ್ನೋ ಬಂಗುಡೆಯನ್ನೋ ಸಾರು ಮಾಡಿ ಉಣ್ಣುವ ಮನೆಗೆ ಡಬ್ಬಿಯ ಹಂಗು ಬೇಡ. ಇವು ಸಣ್ಣ ಮೀನು, ಹೆಚ್ಚು ವರ್ಷ ಬದುಕುವುದಿಲ್ಲ. ಹಾಗಾಗಿ ಪಾದರಸದ ಭಯವೂ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಮೀನು ಕಡಿಮೆ. ಆ ಎರಡು ತಿಂಗಳು ಬಿಟ್ಟುಹೋದರೆ ಏನೂ ಆಗುವುದಿಲ್ಲ. ಆಗ ಗದ್ದೆಗೆ ಹತ್ತಿ ಬರುವ ಹತ್ಮೀನಿನ ರುಚಿಯೇ ಬೇರೆ, ಆದರೆ ಒಮೆಗಾ-3 ವಿಷಯದಲ್ಲಿ ಅದು ಬೂತಾಯಿಗೆ ಸಾಟಿಯಲ್ಲ. ಒಣಮೀನಿನಲ್ಲಿ ಉಪ್ಪು ಹೆಚ್ಚು, ಬಿಪಿ ಇರುವವರು ಅದನ್ನು ಬದಲಿ ಎಂದು ತಿಳಿಯಬೇಡಿ.

‘ದಿನಕ್ಕೊಂದು ನುಂಗಿದರೆ ಹಾರ್ಟ್ ಅಟ್ಯಾಕ್ ಬರಲ್ಲ’ ಎಂಬ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. 2018ರಲ್ಲಿ ಅಮೆರಿಕದಲ್ಲಿ ‘ವೈಟಲ್’ ಎಂಬ ಅಧ್ಯಯನದ ಫಲಿತಾಂಶ ಬಂತು. 25,871 ಜನ, ಐದು ವರ್ಷಕ್ಕೂ ಮೀರಿದ ಅವಧಿ, ಅರ್ಧದಷ್ಟು ಮಂದಿಗೆ ದಿನಕ್ಕೊಂದು ಗ್ರಾಂ ಮೀನೆಣ್ಣೆ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಇವನ್ನೆಲ್ಲ ಒಟ್ಟಾಗಿ ನೋಡಿದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಮೀನೆಣ್ಣೆಯ ಕೆಲಸ ಖಚಿತವಾಗಿ ಕಾಣುವುದು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದಾಗ. ಆದರೆ ಅಲ್ಲಿ ಪ್ರಮಾಣ ದೊಡ್ಡದು: ವೈದ್ಯರು ಚೀಟಿ ಬರೆದು ಕೊಡುವ ಶುದ್ಧೀಕರಿಸಿದ ಕ್ಯಾಪ್ಸೂಲಿನಲ್ಲಿ ತಲಾ 840 ಮಿಲಿಗ್ರಾಂ, ದಿನಕ್ಕೆ ನಾಲ್ಕು. ಅಂಗಡಿಯ ಮುನ್ನೂರರ ಕ್ಯಾಪ್ಸೂಲಿನಲ್ಲಿ ಅಷ್ಟು ಬೇಕೆಂದರೆ ದಿನಕ್ಕೆ ಸುಮಾರು ಹನ್ನೊಂದು ನುಂಗಬೇಕು. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಅದು ಡಬ್ಬಿ ಕೊಂಡು ಸುಮ್ಮನಾಗುವ ವಿಷಯವಲ್ಲ, ವೈದ್ಯರ ಬಳಿಗೆ ಹೋಗಬೇಕು. ಪ್ರಮಾಣ ಏರಿದಂತೆ ಕೆಲವರಲ್ಲಿ ಹೃದಯಬಡಿತ ತಾಳತಪ್ಪುವ ಸಾಧ್ಯತೆಯೂ ಏರುತ್ತದೆ. ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು, ಅಂಥದ್ದೇ ವಾರ್ಫರಿನ್ ತೆಗೆದುಕೊಳ್ಳುವವರು, ಆಪರೇಶನ್ ದಿನ ಗೊತ್ತಾಗಿರುವವರು ವೈದ್ಯರಿಗೆ ಹೇಳದೆ ಮುಟ್ಟಬೇಡಿ.

ಕಾಡ್ ಲಿವರ್ ಆಯಿಲ್ ಬೇರೆ, ಫಿಶ್ ಆಯಿಲ್ ಬೇರೆ. ಮೊದಲನೆಯದು ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆ, ಅದರಲ್ಲಿ ಎ ಮತ್ತು ಡಿ ಜೀವಸತ್ವ ಹೇರಳ. ಎ ಜೀವಸತ್ವ ಹೆಚ್ಚಾದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ಬಸುರಿಯರು ಅದನ್ನು ತಾವಾಗಿ ತೆಗೆದುಕೊಳ್ಳಬಾರದು. ಮೊದಲೇ ಮಲ್ಟಿವಿಟಮಿನ್ ಮಾತ್ರೆ ನುಂಗುತ್ತಿರುವವರೂ ಎರಡನ್ನೂ ಸೇರಿಸಿ ಲೆಕ್ಕ ನೋಡಬೇಕು.

ಮೀನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅವರು ಡಬ್ಬಿಯ ಮೇಲಿನ ಗುರುತು ನೋಡಿ: ಮೀನೆಣ್ಣೆಯ ಮೇಲೆ ಕಂದು ಗುರುತು ಇರಲೇಬೇಕು. ಅಗಸೆಬೀಜದಲ್ಲಿ, ಅಕ್ರೋಟಿನಲ್ಲಿ ಇರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3. ದೇಹ ಅದನ್ನು ಇಪಿಎ ಆಗಿ ಮಾಡಿಕೊಳ್ಳುವುದು ನೂರಕ್ಕೆ ಹತ್ತಕ್ಕೂ ಕಡಿಮೆ, ಡಿಎಚ್‌ಎ ಆಗಿ ಇನ್ನೂ ಕಡಿಮೆ. ಗುರೆಳ್ಳು ಚಟ್ನಿಪುಡಿಯೂ ಅದೇ ಕೆಲಸ ಮಾಡುತ್ತದೆ ಎಂದುಕೊಂಡವರಿದ್ದಾರೆ. ಇಲ್ಲ, ಗುರೆಳ್ಳಿನಲ್ಲಿರುವುದು ಒಮೆಗಾ-6. ಸಸ್ಯಾಹಾರಿಗಳಿಗೆ ನೇರ ದಾರಿ ಪಾಚಿಯಿಂದ ತೆಗೆದ ಎಣ್ಣೆ. ಮೀನಿಗೂ ಮೂಲದಲ್ಲಿ ಒಮೆಗಾ-3 ಬರುವುದು ಕಡಲಿನ ಸೂಕ್ಷ್ಮ ಪಾಚಿಯಿಂದಲೇ. ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಗಳಿಂದ ತೆಗೆದ ಜೆಲಟಿನ್ ಆಗಿರಬಾರದು, ಹಸಿರು ಗುರುತು ಇರಬೇಕು.

ಇನ್ನು ಎಣ್ಣೆ ಕೆಡುವ ವಿಚಾರ. ಮಲೆನಾಡಿನವರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಇಪಿಎಯಲ್ಲಿ ಐದು, ಡಿಎಚ್‌ಎಯಲ್ಲಿ ಆರು ಜೋಡಿಬಂಧಗಳಿವೆ. ಗಾಳಿಯ ಆಮ್ಲಜನಕ ಹಿಡಿದುಕೊಳ್ಳುವುದು ಅಲ್ಲಿಗೇ. ಕೊಬ್ಬರಿ ಎಣ್ಣೆಯಲ್ಲಿ ಅಂಥ ಬಂಧ ತೀರಾ ಕಡಿಮೆ, ಅದಕ್ಕೇ ಅದು ತಿಂಗಳುಗಟ್ಟಲೆ ತಡೆಯುತ್ತದೆ, ಮೀನೆಣ್ಣೆ ತಡೆಯುವುದಿಲ್ಲ. ಡಬ್ಬಿ ತಂದ ದಿನವೇ ಒಂದು ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಚಮಚಕ್ಕೆ ಹಿಂಡಿ ಮೂಸಿ ನೋಡಿ. ಹಸಿ ಮೀನಿನ ತೆಳು ವಾಸನೆ ಸರಿ. ಮೂಗಿಗೆ ಚುಚ್ಚುವ ಕಮಟು, ಹಳೆ ಬಣ್ಣದ ಡಬ್ಬಿ ತೆರೆದ ಹಾಗಿನ ಘಾಟು ಬಂದರೆ ಎಣ್ಣೆ ಕೆಟ್ಟಿದೆ. ನಿಂಬೆ, ಕಿತ್ತಳೆ ಸುವಾಸನೆ ಬೆರೆಸಿದ ಎಣ್ಣೆಯಲ್ಲಿ ಈ ಪರೀಕ್ಷೆ ನಡೆಯದು, ಆ ಘಮ ಕಮಟನ್ನು ಮುಚ್ಚಿಬಿಡುತ್ತದೆ. ತಯಾರಕರು ಪರೀಕ್ಷಾ ವರದಿ ಕೊಟ್ಟಿದ್ದರೆ, ಎಣ್ಣೆ ಎಷ್ಟು ಕೆಟ್ಟಿದೆ ಎಂದು ಹೇಳುವ ಎರಡು ಅಂಕಿಗಳಾದ ಪೆರಾಕ್ಸೈಡ್ ಮೌಲ್ಯ 5ಕ್ಕಿಂತ, ಟೊಟಾಕ್ಸ್ 26ಕ್ಕಿಂತ ಒಳಗಿದೆಯೇ ನೋಡಿ.

ಫ್ರಿಜ್ಜಿನಲ್ಲಿಟ್ಟಾಗ ಎಣ್ಣೆ ಮಂಜಾದರೆ ಕಲಬೆರಕೆ ಎಂದು ಹೇಳುವುದುಂಟು. ಚಳಿಗೆ ಕೆಲವು ಕೊಬ್ಬು ಗಟ್ಟಿಯಾಗುವುದು ಸಹಜ, ತುಪ್ಪ ಗಟ್ಟಿಯಾಗುವುದಿಲ್ಲವೇ, ಹಾಗೆ. ಥರ್ಮೋಕೋಲಿನ ಮೇಲೆ ಸುರಿದಾಗ ಅದು ಕರಗಿದರೂ ಎಣ್ಣೆ ವಿಷವೆಂದಲ್ಲ. ಕಾರ್ಖಾನೆಯಲ್ಲಿ ಸಂಸ್ಕರಿಸಿ ಈಥೈಲ್ ಎಸ್ಟರ್ ಎಂಬ ರೂಪಕ್ಕೆ ತಂದ ಎಣ್ಣೆಗೆ ಆ ಗುಣವಿದೆ, ಅಷ್ಟೆ. ಆದರೆ ಈ ರೂಪದ ಎಣ್ಣೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ಬೆಳಿಗ್ಗೆ ಕಾಫಿ ಜೊತೆ ಬೇಡ, ಎಣ್ಣೆ ತುಪ್ಪ ಬಿದ್ದ ಮಧ್ಯಾಹ್ನದ ಊಟದ ನಡುವೆ ನುಂಗಿ. ಮೀನುವಾಸನೆಯ ತೇಗಿಗೂ ಅದೇ ಮದ್ದು.

ಮಳೆಗಾಲದ ತೇವಕ್ಕೆ ಜೆಲಟಿನ್ ಸಿಪ್ಪೆ ಮೆತ್ತಗಾಗಿ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೆಲವು ಸೋರುತ್ತವೆ. ಸೋರಿದ್ದನ್ನು ತೆಗೆದು ಬಿಸಾಡಿ, ಒಂದು ಸೋರಿದರೆ ಇಡೀ ಡಬ್ಬಿ ಕಮಟು ಹಿಡಿಯುತ್ತದೆ. ಒಲೆಯ ಮೇಲಿನ ಗೂಡು, ಬಿಸಿಲು ಬೀಳುವ ಕಿಟಕಿ, ಬಚ್ಚಲಿನ ಕಪಾಟು ಇವು ಮೂರೂ ಬೇಡ. ಒದ್ದೆ ಕೈ ಹಾಕಬೇಡಿ, ಒಳಗಿನ ತೇವ ಹೀರುವ ಪುಟ್ಟ ಚೀಲವನ್ನು ಎಸೆಯಬೇಡಿ. ನೂರಿಪ್ಪತ್ತರ ದೊಡ್ಡ ಡಬ್ಬಿ ರಿಯಾಯಿತಿಯಲ್ಲಿ ಸಿಕ್ಕರೂ ಆಷಾಢದಲ್ಲಿ ಮೂವತ್ತರದ್ದೇ ಕೊಳ್ಳಿ. ಬಿರಡೆ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡಿ.

ನಮಸ್ಕಾರ.