ಕೆಲಸ ತಾನಾಗಿ ಗಡಿ ದಾಟುವುದಿಲ್ಲ

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು "ಅಮೆರಿಕದ ಕಾರು ಕೆಲಸಗಳನ್ನು ಮೆಕ್ಸಿಕೋದವರು ಕಿತ್ತುಕೊಂಡರು" ಅಂದರು. ನಿಮ್ಮಲ್ಲಿ ಬಹಳ ಜನ ತಲೆಯಾಡಿಸಿದಿರಿ. ನಾನು ಬರೆದುಕೊಂಡು ಬಂದದ್ದೇ ಬೇರೆ, ಆದರೆ ಇದನ್ನು ಕೇಳಿದ ಮೇಲೆ ಇಲ್ಲಿಂದಲೇ ಶುರು ಮಾಡಬೇಕು ಅನ್ನಿಸಿತು. ಕೆಲಸ ತಾನಾಗಿ ಎದ್ದು ಗಡಿ ದಾಟುವುದಿಲ್ಲ. ಯಾರೋ ಕೂತು ಲೆಕ್ಕ ಹಾಕಿ ಕಳಿಸುತ್ತಾರೆ.

ಜನರ ಸಿಟ್ಟು ಸುಳ್ಳು ಅಂತ ನಾನು ಹೇಳುತ್ತಿಲ್ಲ. 1992ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷೇತರನಾಗಿ ನಿಂತ ರಾಸ್ ಪೆರೋ, ಕೆಲಸಗಳನ್ನೆಲ್ಲ ದಕ್ಷಿಣಕ್ಕೆ, ಅಂದರೆ ಮೆಕ್ಸಿಕೋಗೆ, ಹೀರಿಕೊಳ್ಳುವ ದೊಡ್ಡ ಸದ್ದು ಕೇಳಿಸುತ್ತದೆ ಅಂದಾಗ ಸುಮಾರು 19% ಜನ ಅವರಿಗೆ ವೋಟು ಹಾಕಿದರು. ಆಮೇಲೆ ಅಮೆರಿಕದ ಒಹಾಯೋ ರಾಜ್ಯದ ಲಾರ್ಡ್ಸ್‌ಟೌನ್ ನೋಡಿ. 1966ರಿಂದ ಕಾರು ಮಾಡುತ್ತಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ. 2009ರಲ್ಲಿ ಕಂಪನಿ ಮುಳುಗುವಾಗ ಜನರ ತೆರಿಗೆ ದುಡ್ಡೇ ಅದನ್ನು ಎತ್ತಿತು. ಹತ್ತು ವರ್ಷಕ್ಕೆ, 2019ರ ಮಾರ್ಚ್‌ನಲ್ಲಿ, ಅಲ್ಲಿ ಕೊನೆಯ ಕ್ರೂಜ್ ಕಾರು ಹೊರಬಂತು. ಸಣ್ಣ ಕಾರು ಕೊಳ್ಳುವವರು ಕಡಿಮೆಯಾಗಿದ್ದರು, ಅದೂ ನಿಜ. ಆದರೆ ಅದೇ ಕಂಪನಿ ತನ್ನ ಹೊಸ ಬ್ಲೇಜರ್ ಕಾರನ್ನು ಮೆಕ್ಸಿಕೋದಲ್ಲಿ ಮಾಡಲು ಹೊರಟಿತ್ತು. ಹೊಟ್ಟೆ ಉರಿಯದೆ ಇರುತ್ತದಾ?

ಉರಿಯಲಿ. ಆದರೆ ಆ ಉರಿ ಯಾರ ಮೇಲೆ ಬೀಳುತ್ತದೆ? ಒಂದು ಘಟನೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಆದರೆ ಇದನ್ನು ನಾನು ಅರ್ಧಕ್ಕೆ ಬಿಡಲಾರೆ. ಅಮೆರಿಕದ ಕಾರು ಕಾರ್ಖಾನೆಗಳ ಊರು ಡೆಟ್ರಾಯ್ಟ್, 1982. ಪೆಟ್ರೋಲ್ ದುಬಾರಿಯಾಗಿ ಜನ ಜಪಾನಿನ ಸಣ್ಣ ಕಾರುಗಳ ಕಡೆ ಹೋಗಿದ್ದರು, ಕಾರ್ಖಾನೆಗಳಲ್ಲಿ ಸಾವಿರಾರು ಜನರ ಕೆಲಸ ಹೋಗಿತ್ತು. ಜಪಾನಿನ ಕಾರನ್ನು ನಡುಬೀದಿಯಲ್ಲಿ ನಿಲ್ಲಿಸಿ ದೊಡ್ಡ ಸುತ್ತಿಗೆಯಿಂದ ಕುಟ್ಟುತ್ತಿದ್ದ ಕಾಲ ಅದು. ಆ ಜೂನ್‌ನಲ್ಲಿ ವಿನ್ಸೆಂಟ್ ಚಿನ್ ಅನ್ನುವ 27 ವರ್ಷದ ಹುಡುಗ ಮದುವೆಗೆ ಮುಂಚೆ ಗೆಳೆಯರ ಜೊತೆ ಹೊರಗೆ ಹೋಗಿದ್ದ. ಅಲ್ಲಿ ಇಬ್ಬರು ಜಗಳಕ್ಕೆ ನಿಂತರು. ಒಬ್ಬ ಕ್ರೈಸ್ಲರ್ ಕಾರು ಕಂಪನಿಯಲ್ಲಿ ಮೇಲ್ವಿಚಾರಕ. ಇನ್ನೊಬ್ಬ ಅವನ ಮಲಮಗ, ಕಾರ್ಖಾನೆ ಕೆಲಸ ಕಳೆದುಕೊಂಡಿದ್ದವನು. ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು ಅಂತ ಬೈದದ್ದನ್ನು ಕೇಳಿದೆ ಎಂದು ಸಾಕ್ಷಿಯೊಬ್ಬರು ಆಮೇಲೆ ಹೇಳಿದರು. ಚಿನ್ ಜಪಾನಿನವನೇ ಅಲ್ಲ, ಚೀನೀ ಮೂಲದ ಅಮೆರಿಕನ್. ಬೇಸ್‌ಬಾಲ್ ಬ್ಯಾಟಿನಿಂದ ತಲೆಗೆ ಹೊಡೆದರು. ನಾಲ್ಕು ದಿನಕ್ಕೆ ಸತ್ತ. ಮದುವೆಗೆ ಬರಬೇಕಿದ್ದವರು ಮಣ್ಣಿಗೆ ಬಂದರು.

ರಾಜ್ಯದ ಕೋರ್ಟು ಕೊಟ್ಟ ಶಿಕ್ಷೆ 3 ವರ್ಷದ ಪ್ರೊಬೇಷನ್, ಅಂದರೆ ಜೈಲಿಗೆ ಹಾಕದೆ ಹೊರಗೇ ನಿಗಾದಲ್ಲಿ ಇಡುವುದು, ಮತ್ತೆ 3,000 ಡಾಲರ್ ದಂಡ. ಒಂದು ದಿನವೂ ಜೈಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನ್ನ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಮತ್ತೆ ಅದೇ ವರ್ಷ ನವೆಂಬರ್‌ನಲ್ಲಿ ಏನಾಯಿತು ಗೊತ್ತಾ? ಜಪಾನಿನ ಹೋಂಡಾ ಒಹಾಯೋದ ಮೇರಿಸ್‌ವಿಲ್‌ನಲ್ಲಿ ತನ್ನ ಅಕಾರ್ಡ್ ಕಾರು ಮಾಡಲು ಶುರು ಮಾಡಿತು. ಅಮೆರಿಕದ ಕೈಗಳಿಂದಲೇ! ಯಾವ ಕಾರು "ನಮ್ಮದು", ಯಾವುದು "ಅವರದು"? ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೆ ಅಂಟಿಸುವ ಚೀಟಿಯಲ್ಲಿ ಬಿಡಿಭಾಗ ಎಲ್ಲಿಯದು, ಜೋಡಿಸಿದ್ದೆಲ್ಲಿ ಅಂತ ಬರೆದಿರುತ್ತದೆ. ದಯವಿಟ್ಟು ಒಮ್ಮೆ ಓದಿ ನೋಡಿ. ಕೆಲಸ ಕಳಿಸಿದವರು ಯಾರು, ತರಿಸಿಕೊಂಡವರು ಯಾರು ಅನ್ನುವುದು ಬಾವುಟದ ಬಣ್ಣದಿಂದ ಗೊತ್ತಾಗುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸುಂಕದ ವಿಷಯ ಬಿಡುತ್ತೇನೆ, ಅದಕ್ಕೇ ಒಂದು ಸಂಜೆ ಬೇಕು. ಅಮೆರಿಕ, ಮೆಕ್ಸಿಕೋ, ಕೆನಡಾ ನಡುವಿನ 2020ರ ವ್ಯಾಪಾರ ಒಪ್ಪಂದದಲ್ಲಿ, ಸುಂಕವಿಲ್ಲದೆ ಗಡಿ ದಾಟಲು ಕಾರಿನ ಬೆಲೆಯ 40ರಿಂದ 45% ಪಾಲು ಗಂಟೆಗೆ ಸರಾಸರಿ ಕನಿಷ್ಠ 16 ಡಾಲರ್ ಕೂಲಿ ಇರುವ ಕಡೆ ಆಗಿರಬೇಕು ಅಂತ ಬಂತು. ಒಳ್ಳೆಯದೇ. ಅದರ ಬಗ್ಗೆಯೂ ಇಷ್ಟು ಸಾಕು.

ಕೊನೆಗೆ ಸಿಲಾವ್. ಮೆಕ್ಸಿಕೋದ ಈ ಊರಿನಲ್ಲೂ ಜನರಲ್ ಮೋಟಾರ್ಸ್ ಕಾರ್ಖಾನೆ ಇದೆ. 2019ರಲ್ಲಿ ಅಮೆರಿಕದ ಕಾರ್ಮಿಕರು 40 ದಿನ ಮುಷ್ಕರ ಮಾಡಿದಾಗ, ಇಲ್ಲಿನ ಕೆಲವರು ಅವರ ಜೊತೆ ನಿಂತು ಓವರ್‌ಟೈಮ್ ಬೇಡ ಅಂದರು. ಅದಕ್ಕೇ ನಮ್ಮನ್ನು ತೆಗೆದುಹಾಕಿದರು ಅಂತ ಅವರು ಹೇಳಿದರು. ನಾವು "ಕಿತ್ತುಕೊಂಡವರು" ಅಂತ ಬೈದದ್ದು ಇವರನ್ನೇ ಅಲ್ವಾ? ಇದೇ ಊರಿನ ಕಾರ್ಮಿಕರು 2022ರ ಫೆಬ್ರವರಿಯಲ್ಲಿ ಹಳೆಯ ಸಂಘವನ್ನು ಸೋಲಿಸಿ ತಮ್ಮದೇ ಹೊಸ ಸಂಘವನ್ನು ಆರಿಸಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ 8.5% ಕೂಲಿ ಹೆಚ್ಚಿಸಿಕೊಂಡರು.