ಲ್ಯೂಟಿಗೆ ಒಪ್ಪುವ ತಂತಿ

ಕೇಳುಗರಿಗೆ ನಮಸ್ಕಾರ.

ಲ್ಯೂಟ್ ಅಂದರೆ ಯುರೋಪಿನ ಹಳೆಯ ತಂತಿವಾದ್ಯ. ಅದರ ದನಿ ಮಂಕಾಗಿದೆ ಅನ್ನಿಸಿದ ಕೂಡಲೇ ದಪ್ಪ ತಂತಿ ಹಾಕಿ ಬಿಗಿಯಾಗಿ ಎಳೆಯುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಈ ವಾದ್ಯದ ಮುಂದಿನ ಹಲಗೆ ಎರಡು ಮಿಲಿಮೀಟರ್ ದಪ್ಪ ಕೂಡ ಇರುವುದಿಲ್ಲ. ಅದರ ಮೇಲೆ ಕುದುರೆ, ಅಂದರೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ನಿಂತಿರುವುದು ಬರೀ ಅಂಟಿನ ಬಲದಲ್ಲಿ. ಗಿಟಾರಿನ ಬಿಗಿಯನ್ನು ಅದು ತಡೆಯುವುದಿಲ್ಲ. ಒಂದೊಂದು ತಂತಿಗೆ ಸುಮಾರು ಮೂರು ಕಿಲೋ ಎಳೆತ ಸಾಕು, ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಇರಬಹುದು. ಅತಿಯಾಗಿ ಬಿಗಿದರೆ ಬೆರಳಿಗೂ ಕಷ್ಟ, ನಾದವೂ ಉಸಿರು ಕಟ್ಟಿದ ಹಾಗೆ ಬರುತ್ತದೆ. ಶ್ರುತಿಯನ್ನು ಬರೀ ಅರ್ಧ ಸ್ವರ ಏರಿಸಿ ನೋಡಿ, ಎಳೆತ ಶೇಕಡಾ 12ರಷ್ಟು ಏರಿರುತ್ತದೆ.

ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮೊದಲ ತಂತಿ ಪದೇಪದೇ ಕಡಿಯುತ್ತಿದ್ದರೆ ದಪ್ಪದ್ದು ಹಾಕಿದರೆ ಆಯ್ತು ಅಂದುಕೊಳ್ಳುತ್ತಾರೆ. ಪ್ರಯೋಜನವಿಲ್ಲ. ದಪ್ಪ ತಂತಿಗೆ ತಡೆಯುವ ಶಕ್ತಿ ಎಷ್ಟು ಹೆಚ್ಚೋ, ಅದೇ ಸ್ವರಕ್ಕೆ ಏರಿಸಲು ಬೇಕಾಗುವ ಎಳೆತವೂ ಅಷ್ಟೇ ಹೆಚ್ಚು. ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಕಡಿಯುತ್ತವೆ. ಶ್ರುತಿ ಇಳಿಸುವುದೇ ದಾರಿ.

ನೈಲಾನ್, ಕಾರ್ಬನ್ (ಫ್ಲೋರೋಕಾರ್ಬನ್ ಅನ್ನುವ ಪ್ಲಾಸ್ಟಿಕ್) ತಂತಿಗಳೂ ಸಿಗುತ್ತವೆ ಅಲ್ವಾ? ಅವುಗಳ ತೂಕ ಬೇರೆ ಬೇರೆ. ನೈಲಾನ್ ಕರುಳಿಗಿಂತ ಹಗುರ, ಕಾರ್ಬನ್ ಭಾರ. ಕರುಳಿನಲ್ಲಿ 0.42 ಮಿಲಿಮೀಟರ್ ತಂತಿ ಇದ್ದ ಜಾಗಕ್ಕೆ ನೈಲಾನಿನಲ್ಲಿ ಸುಮಾರು 0.45 ಬೇಕು, ಕಾರ್ಬನ್ನಿನಲ್ಲಿ 0.36 ಸಾಕು. ಹಳೆಯ ಅಳತೆಯನ್ನೇ ಸುಮ್ನೆ ನಕಲು ಮಾಡಿದರೆ ಬಿಗಿ ಕೆಡುತ್ತದೆ. ಕಾರ್ಬನ್ ದನಿ ಚುರುಕಾಗಿದ್ದರೂ ನನಗೆ ಅದು ಸ್ವಲ್ಪ ಗಡುಸು ಅನ್ನಿಸುತ್ತದೆ. ಕರುಳಿನ ಮೃದುತನವೇ ನನಗಿಷ್ಟ.

ಕೊಂಡ ತಂತಿ ಸಮವಾಗಿದೆಯೇ ಅಂತ ನೋಡಲು 16ನೇ ಶತಮಾನದ ಯುರೋಪಿನ ಲ್ಯೂಟ್ ಪುಸ್ತಕಗಳು ಹೇಳಿದ ಉಪಾಯ ಇವತ್ತಿಗೂ ನಡೆಯುತ್ತದೆ. ತಂತಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, ಬೆರಳಿನಿಂದ ಮೀಟಿ. ಕಂಪಿಸುವಾಗ ಎರಡು ಗೆರೆ ಸ್ಪಷ್ಟವಾಗಿ ಕಂಡರೆ ತಂತಿ ಒಳ್ಳೆಯದು. ನಡುವೆ ಇನ್ನೊಂದು ಗೆರೆ ಕಂಡರೆ, ಅಥವಾ ಗೆರೆಗಳು ಕಲಸಿಹೋದರೆ, ಅದು ಯಾವತ್ತೂ ಶ್ರುತಿಗೆ ನಿಲ್ಲುವುದಿಲ್ಲ.

ಲ್ಯೂಟಿನಲ್ಲಿ ತಂತಿಗಳು ಹೆಚ್ಚಾಗಿ ಜೋಡಿಯಾಗಿರುತ್ತವೆ. ಮಂದ್ರದ ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕ ಒಂದು ಸ್ಥಾಯಿ ಮೇಲಿನ ಸಣ್ಣ ತಂತಿ ಇರುತ್ತದೆ. ದಪ್ಪ ಕರುಳಿನ ಮಂಕು ದನಿಗೆ ಹೊಳಪು ಕೊಡುವುದೇ ಅದರ ಕೆಲಸ. ಲೋಹ ಸುತ್ತಿದ ತಂತಿ ಹಾಕಿದ್ದರೆ ಆ ಹೊಳಪು ಅದರಲ್ಲೇ ಇರುತ್ತದೆ. ಆಗ ಸಣ್ಣ ತಂತಿಯನ್ನು ಇನ್ನಷ್ಟು ತೆಳುವಾಗಿಸಿ, ಇಲ್ಲದಿದ್ದರೆ ಅದೇ ಮುಂದೆ ಬಂದು ಕಿರುಚುತ್ತದೆ.

ಬಿರಡೆ ತಿರುಗಿಸಿದಾಗ ಟಿಕ್ ಅಂತ ಸದ್ದಾಗಿ ಸ್ವರ ಹಾರಿದರೆ, ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚು ಬಿಗಿಯಾಗಿದೆ ಅಂತ ಅರ್ಥ. ಅಲ್ಲಿ ಮೆತ್ತನೆ ಪೆನ್ಸಿಲ್ ಉಜ್ಜಿ. ಸ್ವರಸ್ಥಾನಗಳಿಗಾಗಿ ಕುತ್ತಿಗೆಗೆ ಅಡ್ಡಲಾಗಿ ಕಟ್ಟಿದ ಕರುಳಿನ ಮೆಟ್ಟುಗಳನ್ನೂ ಬೆರಳಾಡಿಸಿ ನೋಡಿ. ತಂತಿ ಒತ್ತಿ ಒತ್ತಿ ಅವುಗಳಲ್ಲಿ ಹಳ್ಳ ಬಿದ್ದಿದ್ದರೆ ಎಂಥ ತಂತಿಯೂ ಮಂಕಾಗಿಯೇ ಕೇಳುತ್ತದೆ. ಬಿಡಿ ತಂತಿ ಚೆನ್ನಾಗಿ ನುಡಿದು, ಮೆಟ್ಟಿನ ಮೇಲೆ ಒತ್ತಿದಾಗ ಮಾತ್ರ ದನಿ ಸತ್ತರೆ, ಬದಲಿಸಬೇಕಾದದ್ದು ಮೆಟ್ಟನ್ನು.

ತಂತಿಗಳನ್ನು ಒಂದೊಂದಾಗಿ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಅದು ಶ್ರುತಿಗೆ ನಿಂತ ಮೇಲೆ ಕೇಳಿ, ಆಮೇಲೆ ಇಡಬೇಕೋ ತೆಗೆಯಬೇಕೋ ತೀರ್ಮಾನಿಸಿ. ನಮಸ್ಕಾರ.